ಅತ್ತೆಯ ಶೇರು, ಮಾವನ ಯಜಮಾನಿಕೆ

ತಿಪಟೂರಿನಂಥ ಊರಿನಲ್ಲಿ ಶೇರು ವ್ಯವಹಾರದ ಆಫೀಸು ಇಟ್ಟುಕೊಂಡವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಗ್ಗೆ ಬಾಗಿಲು ತೆಗೆದು ಕೂತರೆ ಸಾಕು, ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಮೆಟ್ಟಿಲು ಹತ್ತಿಕೊಂಡು ಬರುತ್ತದೆ. ಪೇಟೆ ಬಿದ್ದ ದಿನ ದೊಡ್ಡ ಊರಿನ ದಲ್ಲಾಳಿಗಳು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರಂತೆ. ನಾನು ಪೇಟೆ ಏರಿದ ದಿನವೂ ಹಾಗೆ ಕೂತಿದ್ದೇನೆ. ಅದಕ್ಕೆ ಕಾರಣ ಪೇಟೆಯಲ್ಲ, ನಮ್ಮ ಮಾವ.

ನನ್ನ ಆಫೀಸು ಎಂದರೆ ಕೊಬ್ಬರಿ ಮಂಡಿಗಳಿರುವ ಬೀದಿಯಲ್ಲಿ ಒಂದು ಹಳೇ ಕಟ್ಟಡದ ಮಹಡಿ ಕೋಣೆ. ಕೆಳಗಡೆ ಟೈಲರ್ ಸಾಬರ ಅಂಗಡಿ. ಅವರ ಹೊಲಿಗೆ ಯಂತ್ರ ಓಡಿದರೆ ನನ್ನ ಕಂಪ್ಯೂಟರಿನ ಮೇಜು ನಡುಗುತ್ತದೆ. ಮಾವ ದಬ್ಬೇಘಟ್ಟದ ಕಡೆಯವರು, ತೆಂಗಿನ ತೋಟದ ಯಜಮಾನರು. ಅವರು ನನಗೆ ಹೆಣ್ಣು ಕೊಟ್ಟ ಮಾವ. ಅತ್ತೆಯಂತೂ ನಮ್ಮಪ್ಪನ ಸ್ವಂತ ತಂಗಿ. ಹಾಗಾಗಿ ಆ ಮನೆಯಲ್ಲಿ ನನಗೆ ಅಳಿಯನ ಮರ್ಯಾದೆ ದಕ್ಕಲಿಲ್ಲ, ಅಣ್ಣನ ಮಗನ ಸಲಿಗೆ ಮಾತ್ರ ದಕ್ಕಿತು. 'ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ' ಎಂಬ ಮಾತನ್ನು ಆ ಮನೆಯಲ್ಲಿ ಒಂದು ದಿನವೂ ಕೇಳಿದವನಲ್ಲ. 'ಬಂದ್ಯೇನ್ಲಾ' ಅನ್ನುತ್ತಾರೆ, ಅಷ್ಟೇ.

ಬೋರ್ಡಿನ ಮಹಿಮೆ

ಆಫೀಸು ತೆರೆದ ಹೊಸದರಲ್ಲಿ ಬೋರ್ಡು ಬರೆಯುವವನಿಗೆ ಫೋನಿನಲ್ಲೇ ಒಕ್ಕಣೆ ಹೇಳಿದ್ದು ನನ್ನ ತಪ್ಪು. ನಮ್ಮ ಕಡೆ ಶಕಾರ ಸಕಾರಗಳ ನಡುವೆ ಜಗಳವಿಲ್ಲ. ಶಂಕರ ಸಂಕರನಾಗಿ, ಶಾಂತಮ್ಮ ಸಾಂತಮ್ಮನಾಗಿ ನೆಮ್ಮದಿಯಿಂದ ಇದ್ದಾರೆ. ಬೋರ್ಡಿನವನೂ ಆ ನೆಮ್ಮದಿಯಲ್ಲೇ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ 'ಇಲ್ಲಿ ಸೇರು ಕೊಳ್ಳಲಾಗುವುದು, ಮಾರಲಾಗುವುದು' ಎಂದು ಬರೆದು ನೇತುಹಾಕಿ ಹೋಗಿದ್ದ. ನಾನು ಪೂಜೆಯ ಗಡಿಬಿಡಿಯಲ್ಲಿ ತಲೆಯೆತ್ತಿ ನೋಡಲೇ ಇಲ್ಲ.

ಮಾರನೆಯ ದಿನ ಮೊದಲ ಗಿರಾಕಿ ಬಂದರು. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಅಜ್ಜಿ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವರು ಚೀಲದೊಳಗಿಂದ ರಾಗಿ ಅಳೆಯುವ ಹಿತ್ತಾಳೆಯ ಸೇರು ತೆಗೆದು ನನ್ನ ಮೇಜಿನ ಮೇಲೆ ಟಣ್ ಎಂದು ಇಟ್ಟರು.

"ಇದನ್ನ ತಗೊಂಡು ಹೊಸದು ಕೊಡಪ್ಪ. ತಳ ಒಳಕ್ಕೆ ಹೋಗೈತೆ. ನಾನು ಕಮ್ಮಿ ಅಳೀತೀನಿ ಅಂತ ಸೊಸೆ ಗೊಣಗ್ತಾಳೆ."

"ಅಜ್ಜೀ, ಇಲ್ಲಿ ಮಾರೋದು ಅಳೆಯೋ ಸೇರಲ್ಲ. ಕಂಪನಿ ಶೇರು. ಅಂದ್ರೆ ದೊಡ್ಡ ಕಂಪನೀಲಿ ನಿಮಗೂ ಒಂದು ಪಾಲು."

"ಅದು ಕಣ್ಣಿಗೆ ಕಾಣ್ತದಾ?"

"ಕಾಣಲ್ಲ."

"ರಾಗಿ ಅಳೀತದಾ?"

"ಇಲ್ಲ ಅಜ್ಜಿ."

"ಮತ್ತೆ ದುಡ್ಡು ಯಾಕಪ್ಪ ಇಸ್ಕೊಂತೀಯ?"

ಈ ಪ್ರಶ್ನೆಗೆ ಉತ್ತರವನ್ನು ನಾನು ಪಾಸು ಮಾಡಿದ ಪರೀಕ್ಷೆಗಳಲ್ಲಿ ಎಲ್ಲಿಯೂ ಕಲಿಸಿರಲಿಲ್ಲ. ಅಜ್ಜಿ ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿ, ಸೇರನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಅರ್ಧ ಮೆಟ್ಟಿಲು ಇಳಿದವರು ಮತ್ತೆ ತಿರುಗಿ ನಿಂತು ಕೇಳಿದರು:

"ಸೇರು ಇಲ್ದಿದ್ರೆ ಹೋಗ್ಲಿ ಬುಡು, ಪಾವಾದ್ರೂ ಐತಾ?"

ನಾಮದ ವಿಚಾರ

ಮಾವ ನನ್ನ ಕಸುಬನ್ನು ಬಹಳ ಕಾಲ ಜೂಜು ಎಂದೇ ಕರೆಯುತ್ತಿದ್ದರು. 'ಅಳಿಯ ಏನು ಮಾಡ್ತಾನೆ' ಎಂದು ಯಾರಾದರೂ ಕೇಳಿದರೆ 'ತಿಪಟೂರಲ್ಲಿ ಅವ್ನೆ' ಎಂದು ಊರಿನ ಹೆಸರು ಹೇಳಿ ಮಾತು ಮುಗಿಸುತ್ತಿದ್ದರು. ಅಂಥವರು ಒಂದು ದಿನ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಆಫೀಸಿಗೆ ಬಂದರು. ಅದು ಕೊಬ್ಬರಿ ಬಿಸ್ಕತ್ತು. ಪೊಟ್ಟಣದ ಮೇಲೆ ತೆಂಗಿನ ಮರ, ಒಡೆದ ತೆಂಗಿನಕಾಯಿ, ಎಲ್ಲದರ ಬಣ್ಣದ ಚಿತ್ರ.

"ಈ ಕಂಪ್ನೀದು ಶೇರು ಐತೇನ್ಲಾ?"

"ಐತೆ ಮಾವ. ದೊಡ್ಡ ಕಂಪನಿ."

"ಹಂಗಾರೆ ಹಾಕು. ತೆಂಗಿನಕಾಯಿ ಚಿತ್ರ ಹಾಕ್ಕೊಂಡವ್ರೆ ಅಂದ್ರೆ ಅವರು ನಮ್ಮ ಪೈಕಿ."

ಕಂಪನಿಯ ಲೆಕ್ಕಪತ್ರ ನೋಡದೆ ಪೊಟ್ಟಣದ ಚಿತ್ರ ನೋಡಿ ಶೇರು ಕೊಂಡ ಮೊದಲಿಗರು ನಮ್ಮ ಮಾವನೇ ಇರಬೇಕು. ಆದರೆ ಹಣ ಮಾವನದಲ್ಲ. ನಮ್ಮ ತಾತ ಅತ್ತೆಯನ್ನು ಮದುವೆ ಮಾಡಿ ಕಳಿಸುವಾಗ ತೋಟದ ಬದುವಿನ ಸಾಲಿನ ಮರಗಳನ್ನು ಅವಳ ಅರಿಶಿನ ಕುಂಕುಮಕ್ಕೆ ಎಂದು ಬಿಟ್ಟುಕೊಟ್ಟಿದ್ದರು. ಆ ಮರಗಳ ಕಾಯಿಯ ದುಡ್ಡು ಇವತ್ತಿಗೂ ಅತ್ತೆಯದು. ಆದ್ದರಿಂದ ಖಾತೆ ಅತ್ತೆಯ ಹೆಸರಿನಲ್ಲೇ ತೆರೆಯಬೇಕಾಯಿತು. ಮಾವನಿಗೆ ಅದೇನೂ ತಲೆಬಿಸಿಯಾಗಲಿಲ್ಲ.

"ಹೆಸರು ಯಾರ್ದಾದ್ರೇನ್ಲಾ? ಅವಳ ಹೆಸರು ಬರಿ. ಮಾಲೀಕ ನಾನೇ ಅಲ್ವಾ?"

ಅತ್ತೆಯ ಸಹಿ ಬೇಕಿತ್ತು, ನಾನೇ ಮನೆಗೆ ಹೋದೆ. ಅತ್ತೆ ಕಾಯಿ ತುರಿಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕೂತಳು. ಮಾವ ಪಕ್ಕದಲ್ಲೇ ಹಣೆತುಂಬ ವಿಭೂತಿ ಧರಿಸಿ ಕೂತಿದ್ದರು.

"ಅತ್ತೆ, ಇಲ್ಲಿ ನಾಮಿನಿ ಅಂತ ಒಬ್ಬರ ಹೆಸರು ಹಾಕ್ಬೇಕು," ಅಂದೆ.

ಮಾವ ಸಿಡಿದರು. "ಯಾವ ನಾಮಾನೂ ಬೇಡ ಕಣ್ಲಾ! ನಮ್ಮ ವಂಶದಲ್ಲಿ ಯಾರಾದ್ರೂ ನಾಮ ಹಾಕವ್ರಾ? ವಿಭೂತಿ ಹಚ್ಚೋ ಜನ ನಾವು. ಕಂಪ್ನಿಯೋರಿಗೆ ಹೇಳು."

"ಮಾವ, ಅದು ಹಣೆಗೆ ಹಾಕೋ ನಾಮ ಅಲ್ಲ..."

"ಮತ್ತೆ ಇನ್ನೊಂದು ನಾಮಾನಾ? ಅದಂತೂ ಬೇಡವೇ ಬೇಡ. ದುಡ್ಡು ಹಾಕೋ ಮೊದಲೇ ನಾಮ ಹಾಕೋರ ಹೆಸರು ಕೇಳ್ತಾರಲ್ಲ, ಎಂಥಾ ಧೈರ್ಯ!"

ನಾನು ಸಮಾಧಾನದಿಂದ ಬಿಡಿಸಿ ಹೇಳಿದೆ. ನಾಮಿನಿ ಎಂದರೆ ಖಾತೆದಾರರು ಇಲ್ಲವಾದ ಮೇಲೆ ಶೇರು ಯಾರ ಕೈಗೆ ಕೊಡಬೇಕೋ ಅವರು. ಖಾತೆದಾರರು ಇರುವ ತನಕ ಅವರಿಗೆ ಅದರಲ್ಲಿ ಏನೂ ಕೆಲಸವಿಲ್ಲ. ಮಾವ ಕೊಂಚ ತಣ್ಣಗಾದರು. ಅತ್ತೆ ಎಲ್ಲ ಕೇಳಿಸಿಕೊಂಡು ಸಹಿ ಹಾಕುತ್ತಾ ಅಂದಳು:

"ಇವರ ಹೆಸರೇ ಬರ್ಕೊಳ್ಲಾ. ಮದುವೆಯಾದಾಗಿಂದ ಹಾಕ್ತಾನೇ ಅವ್ರೆ, ಹೊಸಬ್ರು ಯಾಕೆ?"

ಕಾಣದ ಅಟ್ಟ

ಶೇರು ಕೊಂಡ ಮೇಲೆ ಮಾವ ಅದನ್ನು ನೋಡಬೇಕು ಅಂದರು. ಕಾಗದ ಈಗ ಇಲ್ಲ, ಎಲ್ಲ ಕಂಪ್ಯೂಟರಿನಲ್ಲೇ, ಡಿಮ್ಯಾಟ್ ಖಾತೆಯಲ್ಲಿರುತ್ತದೆ ಅಂದೆ. ಅವರ ಮುಖ ಸಣ್ಣಗಾಯಿತು. ಅವರಿಗೆ ಅರ್ಥವಾಗುವ ಹಾಗೆ ಹೇಳೋಣವೆಂದು ನಾನು ಒಂದು ದೊಡ್ಡ ತಪ್ಪು ಮಾಡಿದೆ.

"ಅದೊಂಥರಾ ಕಣ್ಣಿಗೆ ಕಾಣದ ಅಟ್ಟ ಅಂದ್ಕೊಳ್ಳಿ ಮಾವ. ಕಾಯಿ ಹಾಕಿಟ್ಟ ಹಾಗೆ ಶೇರು ಹಾಕಿಟ್ಟಿದೀವಿ."

ಮಾವನ ಮುಖ ಅರಳಿತು. ನಮ್ಮ ಸೀಮೆಯಲ್ಲಿ ಅಟ್ಟ ಅಂದರೆ ಎಲ್ಲ ಅರ್ಥವಾಗುತ್ತದೆ. ಕೊಯ್ದ ಕಾಯಿಯನ್ನು ನಾರಿನ ಮಟ್ಟೆಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚು ಕಡಿಮೆ ಒಂದು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಕೊಬ್ಬರಿ ಆಯಿತು ಎಂದರ್ಥ.

"ಇಲಿ ಕಾಟ ಐತಾ ಆ ಅಟ್ಟದಲ್ಲಿ?"

"ಇಲಿ ಇಲ್ಲ ಮಾವ. ಕಂಪ್ಯೂಟರ್ ಕಳ್ಳರು ಅಂತ ಇರ್ತಾರೆ. ಪಾಸ್‌ವರ್ಡ್ ಯಾರಿಗೂ ಹೇಳ್ಬಾರ್ದು."

"ಅದೇ ಕಣ್ಲಾ, ಇಲೀನೇ. ಸಂದಿ ಬಿಡಬಾರ್ದು ಅನ್ನು."

ನಿಜ ಹೇಳಬೇಕೆಂದರೆ ಮಾವನಷ್ಟು ಒಳ್ಳೆಯ ಹೂಡಿಕೆದಾರರನ್ನು ನಾನು ಕಂಡಿಲ್ಲ. ಓದು ಬರಹ ಬಲ್ಲ ಗಿರಾಕಿಗಳು ದಿನಕ್ಕೆ ಹತ್ತು ಸಲ ರೇಟು ಕೇಳಿ ನನ್ನ ಪ್ರಾಣ ತಿನ್ನುತ್ತಾರೆ. ಮಾವ ಪೇಟೆ ಬಿದ್ದಾಗಲೂ ಅಳದೆ, ಎದ್ದಾಗಲೂ ಕುಣಿಯದೆ ಸುಮ್ಮನಿದ್ದರು. 'ಅಟ್ಟದ ಕಾಯಿ ದಿನಾ ಕೆದಕಿದ್ರೆ ಕೊಳೀತದೆ' ಎಂದು ಊರಿನವರಿಗೂ ಬುದ್ಧಿ ಹೇಳಿದರು. ಅವರು ಹಾಕಿದ್ದು ನೋಡಿ ದಬ್ಬೇಘಟ್ಟದ ಎಷ್ಟೋ ಮಂದಿ, ಮಂಡಿಯ ಕೆಲವು ವರ್ತಕರು, ನನ್ನಲ್ಲಿ ಖಾತೆ ತೆರೆದು ಅದೇ ಕಂಪನಿಯ ಶೇರು ತೆಗೆದುಕೊಂಡರು. ನನ್ನ ಆಫೀಸಿನ ಬಾಡಿಗೆ, ಕರೆಂಟು, ಮನೆಯ ಹಾಲು ಎಲ್ಲವೂ ಈ ಜನದಿಂದಲೇ ನಡೆಯುತ್ತಿದ್ದವು.

ವರ್ಷ ತುಂಬುತ್ತಾ ಬಂದಾಗ ಒಂದು ದಿನ ಮಾವ ಬಂದರು. ನನ್ನ ಮೊಬೈಲಿನಲ್ಲಿ ಅತ್ತೆಯ ಖಾತೆ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ದಿಟ್ಟಿಸಿ ನೋಡಿದರು. ಆಮೇಲೆ ಮೊಬೈಲನ್ನು ಮೆಲ್ಲಗೆ ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ ವಾಪಸ್ಸು ಕೊಟ್ಟರು.

"ಇನ್ನೂ ಹಸಿ ಐತೆ. ಇರ್ಲಿ ಬುಡು."

ಮಾಲೀಕರ ಸವಾರಿ

ಲಾಭದ ಪಾಲು, ಅಂದರೆ ಡಿವಿಡೆಂಡ್, ಪಡೆಯುವ ಶೇರುದಾರರೂ ಕಂಪನಿಯ ಮಾಲೀಕರೇ ಎಂದು ನಾನೊಮ್ಮೆ ಬಾಯಿತಪ್ಪಿ ಹೇಳಿದ್ದೆ. ಮಾವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂದಿನಿಂದ ಮನೆಗೆ ಬೇರೆ ಕಂಪನಿಯ ಬಿಸ್ಕತ್ತು ಬರುವುದು ನಿಂತಿತು. ನೆಂಟರು ಯಾರಾದರೂ ತಂದರೆ ಅದು ನೇರವಾಗಿ ನಾಯಿಗೆ. ಆ ನಾಯಿ ನೆಂಟರ ದಾರಿ ಕಾಯುವುದನ್ನು ಕಲಿತುಬಿಟ್ಟಿತು.

ತುರುವೇಕೆರೆಗೆ ಹೋದಾಗಲೆಲ್ಲ ಮಾವ ಅಂಗಡಿಗಳ ತಪಾಸಣೆ ಮಾಡುತ್ತಿದ್ದರು. ನಮ್ಮ ಬಿಸ್ಕತ್ತು ಮುಂದೆ ಇದೆಯೋ ಹಿಂದೆ ಇದೆಯೋ, ಧೂಳು ಕೂತಿದೆಯೋ, ಎಲ್ಲ ನೋಡುವುದು. ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಯಲ್ಲಿ ಅದು ಸಾಬೂನಿನ ಹಿಂದೆ ಅಡಗಿತ್ತು.

"ಏನ್ರೀ ಇದು? ಬಿಸ್ಕತ್ತನ್ನ ಸೋಪಿನ ಹಿಂದೆ ಇಟ್ರೆ ಯಾರ್ರೀ ತಗೊಂತಾರೆ?"

"ನಿಮಗ್ಯಾಕೆ ಯಜಮಾನ್ರೆ ಆ ಚಿಂತೆ?" ಎಂದ ಅಂಗಡಿಯವನು.

"ನಾನು ಈ ಕಂಪ್ನಿ ಮಾಲೀಕ ಕಣ್ರೀ."

ಅಂಗಡಿಯವನು ಮಾವನ ಪಂಚೆಯಿಂದ ಹೆಗಲ ಮೇಲಿನ ಟವಲಿನವರೆಗೂ ನೋಡಿದ. ಆಮೇಲೆ ಬಹಳ ವಿನಯದಿಂದ ಕೇಳಿದ: "ಹೌದಾ ಸ್ವಾಮಿ? ಬರೀ ಬಾಯಿ ಮಾತಾ, ನಿಜಾನಾ?"

"ನಿಜಾ ಕಣ್ರೀ! ನನ್ನ ಅಳಿಯನ್ನ ಕೇಳಿ. ತಿಪಟೂರಲ್ಲಿ ಅವ್ನೆ."

"ಸದ್ಯ, ದೇವರ ಹಂಗೆ ಬಂದ್ರಿ," ಎಂದ ಅಂಗಡಿಯವನು ಒಳಗೆ ಹೋಗಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದ. "ನಿಮ್ಮ ಬಿಸ್ಕತ್ತೇ. ಪೂರಾ ಪುಡಿಯಾಗಿ ಬಂದಿತ್ತು. ನಿಮ್ಮ ಕಂಪನಿ ಏಜೆಂಟು ಇವತ್ತು ಬತ್ತೀನಿ ನಾಳೆ ಬತ್ತೀನಿ ಅಂತ ಮುಖಾನೇ ತೋರಿಸಿಲ್ಲ. ಮಾಲೀಕ್ರೇ ಬಂದಿದೀರಲ್ಲ, ಬದಲಿ ಕೊಡಿ."

ಮಾತು ಆಡಿ ಆಗಿತ್ತು, ಸುತ್ತ ಜನ ಸೇರಿದ್ದರು. ಮಾಲೀಕರು ಹಿಂದೆ ಸರಿಯುವಂತಿರಲಿಲ್ಲ. ಮಾವ ಜೇಬಿನಿಂದ ದುಡ್ಡು ತೆತ್ತು, ಪುಡಿ ಬಿಸ್ಕತ್ತಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಸ್ಸು ಹತ್ತಿದರು. ಮನೆಯ ಜಗಲಿಯ ಮೇಲೆ ಪೆಟ್ಟಿಗೆ ಇಳಿಸುವಾಗ ಅತ್ತೆ ತವರಿಗೆ ಬಂದಿದ್ದ ನನ್ನ ಹೆಂಡತಿಯನ್ನು ಕೂಗಿ ಹೇಳಿದಳು:

"ಬಾರೇ ಇಲ್ಲಿ, ಪಾತ್ರೆ ತಗೊಂಡು ಬಾ. ನಿಮ್ಮಪ್ಪ ಡಿವಿಡೆಂಡ್ ತಂದವ್ರೆ!"

ಉಂಡೆ ಹೋಗಿ ಹೋಳು

ಒಂದು ಬೆಳಗ್ಗೆ ನಾನಿನ್ನೂ ಆಫೀಸಿನ ಬೀಗ ತೆಗೆದಿರಲಿಲ್ಲ, ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಕಣ್ಣು ಕೆಂಪಗಾಗಿತ್ತು.

"ಯಾವನ್ಲಾ ನನ್ನ ಶೇರು ಒಡ್ದೋನು?"

ನನಗೆ ವಿಷಯ ಹೊಳೆಯಿತು. ಕಂಪನಿ ತನ್ನ ಒಂದು ಶೇರನ್ನು ಎರಡಾಗಿ ವಿಭಾಗಿಸಿತ್ತು. ಒಂದರ ರೇಟು ಅರ್ಧಕ್ಕೆ ಇಳಿದಿತ್ತು, ಆದರೆ ಅತ್ತೆಯ ಖಾತೆಯಲ್ಲಿ ಒಂದಿದ್ದ ಕಡೆ ಎರಡು ಬಂದಿದ್ದವು. ನಷ್ಟವೇನೂ ಇರಲಿಲ್ಲ. ಆದರೆ ಊರಿನ ಹೋಟೆಲಿನಲ್ಲಿ ಯಾರೋ ಮಾವನಿಗೆ 'ನಿಮ್ಮ ಶೇರು ಒಡೆದು ಹೋಯ್ತಂತಲ್ಲ' ಎಂದುಬಿಟ್ಟಿದ್ದರು.

ಕೊಬ್ಬರಿ ಸೀಮೆಯವನ ಮುಂದೆ ಆಡಬಾರದ ಮಾತು ಅದು. ನಮ್ಮ ಕೊಬ್ಬರಿ ಉಂಡೆಯಾಗಿ ಇದ್ದರೇ ಬೆಲೆ. ಚಿಪ್ಪು ಒಡೆಯುವಾಗ ಮಚ್ಚಿನ ಏಟು ಒಂಚೂರು ತಪ್ಪಿ ಕೊಬ್ಬರಿ ಹೋಳಾಯಿತೋ, ಅದನ್ನು ಬೇರೆ ಚೀಲಕ್ಕೆ ಎಸೆಯುತ್ತಾರೆ. ಅದರ ರೇಟು ಬೇರೆ, ಅದನ್ನು ಕೇಳುವವರ ಧ್ವನಿಯೂ ಬೇರೆ.

"ಮಾವ, ಒಂದಿದ್ದದ್ದು ಎರಡಾಗೈತೆ. ಒಟ್ಟು ಬೆಲೆ ಅಷ್ಟೇ."

"ನನಗೆ ಹೇಳಿಕೊಡ್ತೀಯೇನ್ಲಾ? ಒಂದು ಉಂಡೆ ಒಡೆದ್ರೆ ಎರಡು ಹೋಳಾಗ್ತದೆ ಅಂತ ನನಗೂ ಗೊತ್ತು. ಎರಡು ಹೋಳಿಗೆ ಉಂಡೆ ರೇಟು ಕೊಡೋ ವರ್ತಕನ್ನ ಈ ಬೀದೀಲಿ ಒಬ್ಬನ್ನ ತೋರ್ಸು!"

ನಾನು ಎಷ್ಟು ಹೇಳಿದರೂ ಅವರ ತಲೆಗೆ ಹತ್ತಲಿಲ್ಲ. ಗಲಾಟೆ ಕೇಳಿ ಕೆಳಗಿನ ಅಂಗಡಿಯಿಂದ ಟೈಲರ್ ಸಾಬರು ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ಬಂದರು. ವಿಷಯ ಕೇಳಿ ನಕ್ಕರು.

"ಅರೇ ಯಜಮಾನ್ರೆ, ಬಹಳ ಸುಲಭ. ಕಾಯಿ ಬುಡಿ, ಬಟ್ಟೆ ಲೆಕ್ಕ ನೋಡಿ. ಒಂದು ದೊಡ್ಡ ಟವಲ್ ಐತೆ. ನಡುವೆ ಕತ್ತರಿಸಿ ಎರಡು ಮಾಡ್ದೆ. ಬಟ್ಟೆ ಅಷ್ಟೇ ಅಲ್ವಾ? ಒಂದಿಂಚಾದ್ರೂ ಕಮ್ಮಿ ಆಯ್ತಾ?"

ಮಾವ ಗಲ್ಲ ಕೆರೆದುಕೊಂಡು ಯೋಚಿಸಿದರು. ಮುಖ ಕೊಂಚ ಸಡಿಲವಾಯಿತು. ಅರ್ಥವಾಯಿತು ಎಂದು ನಾನೂ ಸಾಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಆಯ್ತು ಸಾಬ್ರೆ, ಒಪ್ಪಿದೆ," ಅಂದರು ಮಾವ. "ಕತ್ತರಿಸಿದ ಕಡೆ ದಾರ ಬುಡ್ತದಲ್ಲ, ಆ ಅಂಚು ಹೊಲಿಗೆ ಕೂಲಿ ಯಾರು ಕೊಡ್ತಾರೆ? ನಾನಾ, ಕಂಪ್ನಿಯೋರಾ?"

ಘಮಲು

ಇಷ್ಟೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು. ಕೆಡಿಸಿದ್ದು ಆ ಪುಡಿ ಬಿಸ್ಕತ್ತಿನ ಪೆಟ್ಟಿಗೆ.

ಅಷ್ಟು ಪುಡಿಯನ್ನು ಎಸೆಯಲು ಅತ್ತೆಗೆ ಮನಸ್ಸು ಬರಲಿಲ್ಲ. ದಿನಾ ಸಂಜೆ ಕಾಫಿಯ ಜೊತೆ ಮಾವನ ಮುಂದೆ ಒಂದು ಬಟ್ಟಲು ಇಡುತ್ತಿದ್ದಳು. ಅಲ್ಲಿಯವರೆಗೆ ಮಾವ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ನುಂಗುತ್ತಿದ್ದರೇ ಹೊರತು ರುಚಿ ನೋಡಿರಲಿಲ್ಲ. ಈಗ ಪುಡಿಯನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿಯಬೇಕಾಯಿತು. ಹಾಗೆ ಅಗಿಯುತ್ತಾ ಒಂದು ದಿನ ನಿಲ್ಲಿಸಿಬಿಟ್ಟರು.

ಆ ಭಾನುವಾರ ನಾನು ಹೋದಾಗ ಪೊಟ್ಟಣ ನನ್ನ ಕೈಗೆ ಕೊಟ್ಟರು. "ಓದ್ಲಾ ಇದನ್ನ. ಸಣ್ಣ ಅಕ್ಷರದಲ್ಲಿ ಏನೋ ಬರೆದವ್ರೆ."

ನಾನು ಓದಿದೆ. ಮೈದಾ, ಸಕ್ಕರೆ, ಎಣ್ಣೆ, ಇನ್ನೂ ಏನೇನೋ. ಕೊಬ್ಬರಿಯ ಹೆಸರು ಕೊನೆಗೆಲ್ಲೋ ಮೂಲೆಯಲ್ಲಿತ್ತು, ಅದರ ಪಕ್ಕದಲ್ಲಿ 'ಕೃತಕ ಸುವಾಸನೆ' ಎಂದಿತ್ತು.

"ಅಂದ್ರೆ?"

"ಅಂದ್ರೆ... ಕೊಬ್ಬರಿ ಒಂಚೂರು ಐತೆ ಮಾವ. ಮಿಕ್ಕಿದ್ದು ಘಮಲು ಬರೋಕೆ ಎಸೆನ್ಸ್."

ಮಾವ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಎದ್ದು ಹೋಗಿ ಜಗಲಿಯ ಕಂಬಕ್ಕೆ ಒರಗಿ ತೋಟ ನೋಡುತ್ತಾ ನಿಂತುಬಿಟ್ಟರು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಊರೆಲ್ಲ ನಮ್ಮ ಪೈಕಿ ನಮ್ಮ ಪೈಕಿ ಎಂದು ಹೇಳಿಕೊಂಡು ತಿರುಗಿದ ಮನುಷ್ಯ.

"ಏನ್ಲಾ, ಮಾಲೀಕರನ್ನ ಕರೆದು ಒಂದು ಮಾತು ಕೇಳೋ ಮೀಟಿಂಗು ಗೀಟಿಂಗು ಇಲ್ವಾ ಈ ಕಂಪ್ನೀಲಿ?"

ಇತ್ತು. ವರ್ಷಕ್ಕೊಮ್ಮೆ ಶೇರುದಾರರ ಸಭೆ. ಈಗ ಅದು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟರೆ ಮಾತಾಡಲು ಅವಕಾಶವೂ ಉಂಟು. ಹೆಸರು ಕೊಡು ಅಂದರು. ಖಾತೆ ಅತ್ತೆಯದಾದ್ದರಿಂದ ಅತ್ತೆಯ ಹೆಸರನ್ನೇ ಕೊಡಬೇಕಾಗುತ್ತದೆ ಅಂದೆ. "ಯಾವ್ದೋ ಒಂದು ಕೊಡ್ಲಾ, ಮಾತಾಡೋನು ನಾನು," ಎಂದು ತಳ್ಳಿಹಾಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹೋಟೆಲಿನಲ್ಲಿ, ಮಂಡಿಯಲ್ಲಿ, ಬಸ್ಸಿನಲ್ಲಿ ಒಂದೇ ಮಾತು ಸಾರಿದರು: 'ಸಭೇಲಿ ಕೇಳ್ತೀನಿ. ಬಿಸ್ಕತ್ತಿಗೆ ಕೊಬ್ಬರಿ ಹಾಕ್ತೀವಿ ಅಂದ್ರೆ ಸರಿ. ಇಲ್ಲಾಂದ್ರೆ ಅಲ್ಲೇ ಆಗಲೇ ಎಲ್ಲಾ ಶೇರು ಮಾರ್ತೀನಿ.'

ನನಗೆ ಹೆದರಿಕೆಯಾಯಿತು. ಮಾವ ಮಾರಿದರೆ ಅವರನ್ನು ನೋಡಿ ಕೊಂಡವರೆಲ್ಲ ಮಾರುತ್ತಾರೆ. ಖಾತೆಗಳೆಲ್ಲ ಮುಚ್ಚುತ್ತವೆ. ರಾತ್ರಿ ಊಟ ಬಡಿಸುತ್ತಾ ಹೆಂಡತಿ ಸಮಾಧಾನ ಹೇಳಿದಳು:

"ಯೋಚನೆ ಮಾಡ್ಬೇಡಿ. ಬೋರ್ಡು ಹೆಂಗೂ ರೆಡಿ ಐತೆ. ಹಿತ್ತಾಳೆ ಸೇರು ತಂದಿಟ್ರಾಯ್ತು."

ಸಭೆ

ಸಭೆಯ ದಿನ ದಬ್ಬೇಘಟ್ಟದಿಂದ ಬಂದವರು, ಮಂಡಿಯ ವರ್ತಕರು, ಎಲ್ಲ ನನ್ನ ಮೆಟ್ಟಿಲ ತುಂಬ ನಿಂತಿದ್ದರು. ಮಾವ ಮಾರಿದ ತಕ್ಷಣ ಮಾರಲು ತಯಾರಾಗಿ ಮೊಬೈಲು ಕೈಯಲ್ಲಿ ಹಿಡಿದಿದ್ದರು. ಸಾಬರು ಹೊಲಿಗೆ ಯಂತ್ರ ನಿಲ್ಲಿಸಿ, ಮಾವನ ಬೆನ್ನ ಹಿಂದೆ ಚೆನ್ನಾಗಿ ಕಾಣಲೆಂದು ಒಂದು ಹೊಸ ಪರದೆ ಬಟ್ಟೆ ಕಟ್ಟಿಕೊಟ್ಟರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜರಿ ಪಂಚೆ. ಮೇಜಿನ ಮೇಲೆ ಅಟ್ಟದಿಂದ ಆರಿಸಿ ತಂದ ಒಂದು ಕಾಯಿ. ಮಟ್ಟೆ ಸುಲಿದಿತ್ತು, ಚಿಪ್ಪು ಒಡೆದಿರಲಿಲ್ಲ. ಅತ್ತೆಯೂ ಜೊತೆಗೆ ಬಂದಿದ್ದಳು, ಆದರೆ ಸಭೆಗಲ್ಲ. ಸಾಬರಿಗೆ ರವಿಕೆ ಹೊಲಿಯಲು ಕೊಡಬೇಕಿತ್ತು. ಅವಳು ಅಳತೆ ರವಿಕೆ ಹಿಡಿದುಕೊಂಡು ಕೆಳಗಡೆಯೇ ಉಳಿದಿದ್ದಳು.

ಕಂಪ್ಯೂಟರಿನ ಪರದೆಯ ಮೇಲೆ ಕಂಪನಿಯ ಅಧ್ಯಕ್ಷರು ಕಂಡರು. ಒಬ್ಬೊಬ್ಬರನ್ನೇ ಮಾತಾಡಲು ಕರೆಯುತ್ತಿದ್ದವಳು ಒಬ್ಬ ಹುಡುಗಿ. ನಮ್ಮ ಸರದಿ ಬಂತು. ಅವಳು ಅತ್ತೆಯ ಹೆಸರು ಕರೆದಳು. ಮಾವ ಗಂಟಲು ಸರಿಮಾಡಿಕೊಂಡು ಕೈ ಮುಗಿದರು.

"ಎಲ್ಲರಿಗೂ ಶರಣು. ನಾನು ದಬ್ಬೇಘಟ್ಟದಿಂದ..."

ಹುಡುಗಿಗೆ ಪುಣ್ಯಕ್ಕೆ ಕನ್ನಡ ಬರುತ್ತಿತ್ತು. "ಸರ್, ಒಂದು ನಿಮಿಷ. ಶೇರುದಾರರು ಮಹಿಳೆ ಅಂತ ಇದೆ ಇಲ್ಲಿ."

"ಅದು ನನ್ನ ಹೆಂಡ್ತಿ ಕಣಮ್ಮ. ಮಾಲೀಕ ನಾನು."

"ಕ್ಷಮಿಸಿ ಸರ್. ನಮ್ಮ ದಾಖಲೆಯಲ್ಲಿ ಮಾಲೀಕರು ಅವರೇ. ಅವರು ಮಾತ್ರ ಮಾತಾಡಬಹುದು. ಇದ್ದಾರಾ?"

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಮಾವನ ಕಿವಿ ಕೆಂಪಾಯಿತು. ನಾನು ಬಾಗಿಲಿಗೆ ಹೋಗಿ ಅತ್ತೆಯನ್ನು ಕೂಗಿದೆ. "ತೋಳು ಬಿಗಿ ಮಾಡ್ಬೇಡಿ ಸಾಬ್ರೆ, ಹೋದ ಸಲ ಕೈ ಎತ್ತೋಕಾಗ್ಲಿಲ್ಲ," ಎನ್ನುತ್ತಲೇ ಅತ್ತೆ ಹತ್ತಿ ಬಂದಳು. ವಿಷಯ ಹೇಳಿ ಕುರ್ಚಿಯಲ್ಲಿ ಕೂರಿಸಿದೆ. ಅಳತೆ ರವಿಕೆ ಇನ್ನೂ ಕೈಯಲ್ಲೇ ಇತ್ತು. ಮಾವ ಪಕ್ಕದಿಂದ ತಾವು ಬಾಯಿಪಾಠ ಮಾಡಿದ್ದ ಭಾಷಣವನ್ನು ಪಿಸುಗುಟ್ಟತೊಡಗಿದರು. "ಸುಮ್ಕಿರಿ ಅತ್ಲಾಗೆ," ಅಂದಳು ಅತ್ತೆ. ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಪರದೆಯ ಮೇಲೆ ಅಧ್ಯಕ್ಷರು ಬೆಚ್ಚಿಬಿದ್ದು ನೆಟ್ಟಗೆ ಕೂತರು.

ಅತ್ತೆ ಭಾಷಣ ಮಾಡಲಿಲ್ಲ. ಮೇಜಿನ ಮೇಲಿನ ಕಾಯಿ ಎತ್ತಿಕೊಂಡು, ಮೈಕಿನ ಹತ್ತಿರ ಹಿಡಿದು ಅಲ್ಲಾಡಿಸಿದಳು. ಲೊಡಲೊಡ ಲೊಡಲೊಡ. ಮೆಟ್ಟಿಲ ಮೇಲಿದ್ದ ವರ್ತಕರು ಅಭ್ಯಾಸಬಲದಿಂದ ಕಿವಿ ನಿಮಿರಿಸಿ 'ಒಳ್ಳೇ ಮಾಲು' ಎಂದು ತಲೆದೂಗಿದರು.

"ಮೇಡಂ," ಎಂದಳು ಹುಡುಗಿ, "ನಿಮ್ಮ ಲೈನಿನಲ್ಲಿ ಏನೋ ಗಲಾಟೆ ಬರ್ತಾ ಇದೆ. ಸ್ವಲ್ಪ ನೋಡಿ."

"ಗಲಾಟೆ ಅಲ್ಲ ಕಣಮ್ಮ, ಅದು ಕೊಬ್ಬರಿ," ಅಂದಳು ಅತ್ತೆ. "ನಿಮ್ಮ ಬಿಸ್ಕತ್ತಲ್ಲಿ ಒಂದು ದಿನವೂ ಇರ್ಲಿಲ್ಲವಲ್ಲ, ನಿಮಗೆ ಸದ್ದಿನ ಗುರುತು ಸಿಗ್ಲಿಲ್ಲ."

ಹುಡುಗಿ ನಗು ತಡೆಯಲಾರದೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅಧ್ಯಕ್ಷರು ದೊಡ್ಡದಾಗಿ ನಕ್ಕರು. ಅಮ್ಮನವರು ಹೇಳಿದ್ದು ನಿಜ, ಕೊಬ್ಬರಿಯ ಪ್ರಮಾಣ ಹೆಚ್ಚಿಸುವ ಬಗ್ಗೆ ಖಂಡಿತ ಪರಿಶೀಲಿಸುತ್ತೇವೆ ಎಂದರು. ಸಭೆ ಮುಂದಿನವರ ಕಡೆ ಹೋಯಿತು.

ಮೆಟ್ಟಿಲ ಮೇಲಿನ ಜನವೆಲ್ಲ ಮಾವನ ಮುಖ ನೋಡಿದರು. ಮಾವನ ಮೀಸೆ ಅದುರುತ್ತಿತ್ತು.

"ಪರಿಶೀಲಿಸ್ತಾರಂತೆ! ಹಾಕ್ತೀವಿ ಅನ್ಲಿಲ್ಲ. ಪರಿಶೀಲಿಸ್ತೀವಿ ಅಂದ್ರೆ ಇಲ್ಲ ಅಂತ ಅರ್ಥ ಕಣ್ಲಾ. ಮಾರು! ಎಲ್ಲಾ ಮಾರು!"

ಅವರ ಹಟ ನನಗೆ ಗೊತ್ತು. ಕಂಪ್ಯೂಟರಿನಲ್ಲಿ ಮಾರಾಟದ ಗುಂಡಿ ಒತ್ತಿದೆ. ಮಾರಾಟಕ್ಕೆ ಒಪ್ಪಿಗೆಯ ನಂಬರು ಖಾತೆದಾರರ ಫೋನಿಗೆ ಹೋಗುತ್ತದೆ. ಅತ್ತೆಯ ಕೈಚೀಲದೊಳಗೆ ಟಿಣ್ ಎಂದಿತು.

"ಏನೋ ನಂಬರು ಬಂದೈತಲ್ಲ," ಅಂದಳು ಅತ್ತೆ.

"ಹೇಳು, ಹೇಳು ಅದನ್ನ," ಅಂದರು ಮಾವ.

"ಯಾತಕ್ಕೆ?"

"ಶೇರು ಮಾರೋಕೆ ಕಣೇ!"

ಅತ್ತೆ ಫೋನನ್ನು ರವಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿದಳು. "ಅಷ್ಟು ದೊಡ್ಡೋರು ನೋಡ್ತೀವಿ ಅಂತ ಮಾತು ಕೊಟ್ಟವ್ರೆ. ಬರೋ ವರ್ಷ 'ಏನಾಯ್ತಪ್ಪ ನಮ್ಮ ಕೊಬ್ಬರಿ ವಿಷ್ಯ' ಅಂತ ಕೇಳ್ಬೇಕಾ ಬೇಡ್ವಾ? ಮಾರ್ಬುಟ್ರೆ ಯಾವನು ಮಾತಾಡೋಕೆ ಬುಡ್ತಾನೆ? ನಮ್ಮಪ್ಪ ಬಿಟ್ಟಿದ್ದ ಮರದ ದುಡ್ಡು ಇದು. ಅಟ್ಟದಲ್ಲೇ ಇರ್ಲಿ."

ಮೆಟ್ಟಿಲ ಮೇಲೆ ಒಬ್ಬ ವರ್ತಕ "ಅಮ್ಮ ಹೇಳೋದು ಸರಿ" ಅಂದ. ಇನ್ನೊಬ್ಬ ಮೊಬೈಲನ್ನು ಜೇಬಿಗೆ ಇಳಿಸಿದ. ಅವನನ್ನು ನೋಡಿ ಮತ್ತೊಬ್ಬ. ನನಗೆ ಹೋದ ಉಸಿರು ಬಂತು. ಅತ್ತೆಯ ಕಾಲಿಗೆ ಬೀಳೋಣ ಎನ್ನಿಸಿತು, ನಡುವೆ ಮಾವ ಇದ್ದರು.

ಮಾವ ಕೊನೆಯ ಪ್ರಯತ್ನ ಮಾಡಿದರು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಗುಡುಗಿದರು:

"ಏನೇ, ಮಾಲೀಕ ನಿಂತು ಹೇಳ್ತಾ ಇದೀನಿ..."

ಅತ್ತೆ ಆಗಲೇ ರವಿಕೆಯ ತೋಳಿನ ಚಿಂತೆಯಲ್ಲಿ ಮೆಟ್ಟಿಲು ಇಳಿಯುತ್ತಿದ್ದಳು. ತಿರುಗಿಯೂ ನೋಡದೆ ಅಂದಳು:

"ಮಾಲೀಕರಲ್ಲ ಕಣ್ರೀ, ನೀವು ನಾಮಿನಿ. ನಾನು ಹೋದ್ಮೇಲೆ ಬನ್ನಿ."